ಗಿಟಾರ್ ಹಿಡಿದರೆ ಬೆರಳು ನೋಯ್ತಾವಾ? ಮೊದಲು ಸೆಟಪ್ ನೋಡ್ರಿ

ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದರೆ ಸಿಗುವ ಶಿರಗುಪ್ಪಿ ನಮ್ಮೂರು. ಇವತ್ತಿನ ಸಂಚಿಕೆ ಗಿಟಾರ್ ಬಗ್ಗೆ. ನುಡಿಸೋದು ಹೇಗೆ ಅಂತ ಕಲಿಸೋರು ಬಹಳ ಮಂದಿ ಇದ್ದಾರೆ. ಅದನ್ನ ನುಡಿಸೋ ಹದಕ್ಕೆ ತರೋದು ಹೇಗೆ ಅಂತ ನಾನು ಹೇಳ್ತೀನಿ.

ನಮ್ಮ ಕಡೆ ಹುಡುಗ್ರು, ಹುಡುಗ್ಯಾರು ಆನ್‌ಲೈನ್‌ನಲ್ಲಿ ಗಿಟಾರ್ ತರಿಸ್ತಾರೆ, ಯೂಟ್ಯೂಬ್ ನೋಡಿ ಕಲಿಯೋಕೆ ಶುರು ಮಾಡ್ತಾರೆ. ಎಫ್ ಕಾರ್ಡ್ ಬಂತೋ, ಬೆರಳು ಸೋಲ್ತಾವೆ. 'ಇದು ನಮ್ಮ ಕೈಲಾಗೋ ಮಾತಲ್ಲ' ಅಂತ ಗಿಟಾರ್ ಅಟ್ಟ ಸೇರ್ತದೆ. ಆದರೆ ತಂತಿ ಬೇಕಾದ್ದಕ್ಕಿಂತ ಎತ್ತರ ಇದ್ದರೆ ಎಂಥಾ ಕಲಾವಿದನ ಬೆರಳೂ ನೋಯ್ತಾವೆ. ಹೊಸ ಸೈಕಲ್ ತಂದಾಗ ಬ್ರೇಕ್, ಚೈನು, ಸೀಟು ನಮ್ಮ ಅಳತೆಗೆ ಸರಿಮಾಡಿಸ್ತೀವಲ್ಲ, ಗಿಟಾರ್‌ಗೂ ಹಂಗೇ. ಅದಕ್ಕೇ ಸೆಟಪ್ ಅನ್ನೋದು.

ಒಮ್ಮೆ ಮಾಡಿದರೆ ಸಾಕಲ್ಲ? ಸಾಲದು. ನಮ್ಮ ಎರಿ ಹೊಲ ನೆನೆಸ್ಕೊಳ್ರಿ. ಮಳೆ ಬಿದ್ದಾಗ ಉಬ್ಬುತ್ತೆ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರಿಯುತ್ತೆ. ಕಟ್ಟಿಗೆಯೂ ಹಂಗೇ, ಗಾಳಿಯಲ್ಲಿನ ತೇವ ಹೀರಿ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ. ಮಳೆಗಾಲದಲ್ಲಿ ಅಕೌಸ್ಟಿಕ್ ಗಿಟಾರಿನ ಮೇಲಿನ ಹಲಗೆ ಉಬ್ಬಿ ತಂತಿ ಮೇಲೇಳುತ್ತೆ. ಒಣ ಬ್ಯಾಸಗ್ಯಾಗ ಹಲಗೆ ಇಳಿದು ತಂತಿ ಫ್ರೆಟ್‌ಗೆ ತಾಗಿ ಜುಂಯ್ ಅನ್ನುತ್ತೆ, ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತೆ. ಇದರ ಮೇಲೆ ತಂತಿಗಳ ಎಳೆತ ಬೇರೆ. ಸಾಮಾನ್ಯ ಅಕೌಸ್ಟಿಕ್ ಗಿಟಾರಿನ 6 ತಂತಿ ಸೇರಿ ಸುಮಾರು 70 ಕೆಜಿ, ಹತ್ತಿರ ಹತ್ತಿರ ಒಂದೂವರೆ ಸಿಮೆಂಟ್ ಚೀಲದ ಭಾರ. ಬೇಸ್ ಗಿಟಾರಿಗೆ 4 ತಂತಿ ಇದ್ದರೂ ಎಳೆತ ಕಡಿಮೆ ಅಲ್ಲ.

ಸೆಟಪ್‌ಗೆ ಒಂದು ಕ್ರಮ ಇದೆ. ಮೊದಲು ಹೊಸ ತಂತಿ ಹಾಕಿ ಶ್ರುತಿ ಮಾಡಬೇಕು. ಆಮೇಲೆ ನೆಕ್ ನೋಡಬೇಕು. ದಪ್ಪ ತಂತಿಯನ್ನ ಮೊದಲ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒತ್ತಿ ಹಿಡೀರಿ. ನಡುವೆ, 7ನೇ ಫ್ರೆಟ್ ಹತ್ತಿರ, ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಇದ್ದರೆ ಚಲೋ. ಜಾಸ್ತಿ ಇದ್ದರೆ ನೆಕ್ ಒಳಗಿರೋ ಟ್ರಸ್ ರಾಡ್ ಅನ್ನೋ ಕಬ್ಬಿಣದ ಸರಳನ್ನ ಬಿಗಿ ಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬ್ಯಾಡ. ಜೋರು ಮಾಡಿದರೆ ರಾಡ್ ಮುರಿದು, ಗಿಟಾರಿನ ಬೆಲೆಗಿಂತ ರಿಪೇರಿ ಖರ್ಚೇ ಹೆಚ್ಚಾದೀತು.

ಮೂರನೇದು ತಂತಿಯ ಎತ್ತರ, ಆ್ಯಕ್ಷನ್ ಅಂತಾರೆ. 12ನೇ ಫ್ರೆಟ್ ಮೇಲೆ ಸ್ಕೇಲ್ ಇಟ್ಟು ಅಳೀರಿ. ಅಕೌಸ್ಟಿಕ್‌ನಲ್ಲಿ ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ. ಇದ್ದರೆ ಬೆರಳಿಗೆ ಹಗುರ. 4 ಮಿ.ಮೀ. ಬಂದರೆ ನಿಮ್ಮ ನೋವಿಗೆ ಕಾರಣ ಸಿಕ್ಕಿತು ಅಂತ ತಿಳ್ಕೊಳ್ರಿ. ಬೇಸ್‌ನ ದಪ್ಪ ತಂತಿ ಅಗಲವಾಗಿ ಅದುರುತ್ತೆ, ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಬಿಡಬೇಕು.

ಕೊನೇದು ಇಂಟೊನೇಷನ್. ಫೋನಿನ ಟ್ಯೂನರ್ ಆ್ಯಪ್ ತೆರೆದು ತಂತಿಯನ್ನ ಖಾಲಿ ಮೀಟ್ರಿ, ಆಮೇಲೆ 12ನೇ ಫ್ರೆಟ್ ಒತ್ತಿ ಮೀಟ್ರಿ. ಎರಡೂ ಒಂದೇ ಸ್ವರ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಮೇಲಿನ ಸ್ಯಾಡಲ್ ಹಿಂದಕ್ಕೆ ಸರೀಬೇಕು, ಇಳಿದಿದ್ದರೆ ಮುಂದಕ್ಕೆ. ಎಲೆಕ್ಟ್ರಿಕ್ ಮತ್ತು ಬೇಸ್‌ನಲ್ಲಿ ಇದು ಸ್ಕ್ರೂ ತಿರುಗಿಸೋ ಕೆಲಸ. ಅಕೌಸ್ಟಿಕ್‌ನಲ್ಲಿ ಸ್ಯಾಡಲ್ ಉಜ್ಜಬೇಕಾಗುತ್ತೆ. ಅದನ್ನ, ಹಂಗೇ ಫ್ರೆಟ್ ಉಜ್ಜೋ ಕೆಲಸವನ್ನ, ಬಲ್ಲವರ ಕೈಗೇ ಕೊಡ್ರಿ. ಉಜ್ಜಿದ್ದು ವಾಪಸ್ ಬರೋದಿಲ್ಲ.

ಇದೆಲ್ಲಾ ನಮಗೆ ಹೊಸದಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಹಾಡಿದ ಸೀಮೆ ಇದು. ತಂಬೂರಿಯ ತಂತಿ ಕೂರುವ ಕುದುರೆಯ ಮೇಲ್ಮೈಯನ್ನ ನಾಜೂಕಾಗಿ ಉಜ್ಜಿ ಹದ ಮಾಡೋದಕ್ಕೆ ಜವಾರಿ ಅಂತಾರೆ. ತಂತಿ ಉಜ್ಜಿ ಉಜ್ಜಿ ಕುದುರೆ ಸವೆದಾಗ ಅದನ್ನ ಮತ್ತೆ ಮಾಡಿಸಬೇಕು. ಈ ಕಸುಬಿಗೆ ಹೆಸರಾದ ಮಿರಜ್‌ನ ಸಿತಾರ್, ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ತಂಬೂರಿ ಜವಾರಿ ಮಾಡಿಸೋದು ಗಾಯಕರಿಗೆ ನಾಚಿಕೆಯ ಮಾತಲ್ಲ. ಗಿಟಾರ್ ಸೆಟಪ್ ಮಾಡಿಸೋದೂ 'ನನಗೆ ನುಡಿಸೋಕೆ ಬರಲ್ಲ' ಅನ್ನೋದರ ಗುರುತಲ್ಲ.

ಮನೇಲಿ ಇಷ್ಟು ಮಾಡ್ರಿ: ನುಡಿಸಿದ ಮೇಲೆ ತಂತಿ ಒರೆಸ್ರಿ. ತಗಡಿನ ಮಾಡಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರ್ ಬಿಡಬ್ಯಾಡ್ರಿ. ಮಳೆಗಾಲ ಶುರುವಾದ ಮೇಲೊಮ್ಮೆ, ಬ್ಯಾಸಗಿ ಏರಿದ ಮೇಲೊಮ್ಮೆ ಸ್ಕೇಲ್ ಹಿಡಿದು ಅಳೀರಿ. ಅಟ್ಟದ ಮೇಲೆ ಗಿಟಾರ್ ಇದ್ದರೆ ಇವತ್ತೇ ಇಳಿಸ್ರಿ, 12ನೇ ಫ್ರೆಟ್‌ನಲ್ಲಿ ಎಷ್ಟು ಮಿ.ಮೀ. ಬಂತು ಅಂತ ನಮಗೂ ಬರೆದು ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.