ಬಗರಿ ಕಲಿಸಿದ ಸೆಕೆಂಡ್ ಸರ್ವ್

ನಮ್ಮ ಔರಾದ್ ಕಡೆ ‘ಟೆನಿಸ್ ಬಾಲ್’ ಅಂದರೆ ಕ್ರಿಕೆಟ್ ಆಡುವ ಚೆಂಡು. ಅದೇ ಚೆಂಡಿನಲ್ಲಿ ಟೆನಿಸ್ ಕೂಡ ಆಡುತ್ತಾರೆ ಎನ್ನುವುದನ್ನು ಟಿವಿಯಲ್ಲಿ ನೋಡಿದ್ದೆನೇ ಹೊರತು, ಕೈಯಲ್ಲಿ ರಾಕೆಟ್ ಹಿಡಿದದ್ದು ಬಿ.ಇ. ಓದಲು ಭಾಲ್ಕಿಗೆ ಬಂದ ಮೇಲೆಯೇ.

ಅದಕ್ಕೆ ಕಾರಣ ನನಗಿಂತ ಎರಡು ವರ್ಷ ಸೀನಿಯರ್ ಆಗಿದ್ದ ಒಬ್ಬ ಅಣ್ಣ. ಬೀದರ್ ನಗರದವರು. 2023ರ ಕೊನೆಯಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಐಟಿಎಫ್ ಪುರುಷರ ಟೂರ್ನಿ ನಡೆದಾಗ, ‘ಬಾರೋ, ಖರೇ ಟೆನಿಸ್ ತೋರಸ್ತೀನಿ’ ಎಂದು ಬೀದರ್‌ನಿಂದ ರೈಲು ಹತ್ತಿಸಿದರು. ಆ ಟೂರ್ನಿಯಲ್ಲಿ ಚಾಂಪಿಯನ್ ಆದವರು ರಾಮ್‌ಕುಮಾರ್ ರಾಮನಾಥನ್. ಅಲ್ಲಿ ನನ್ನ ಕಣ್ಣು ನೆಟ್ಟದ್ದು ಆಟಗಾರರ ಎರಡನೇ ಸರ್ವ್ ಮೇಲೆ. ಚೆಂಡು ನೆಟ್‌ಗಿಂತ ಎಷ್ಟೋ ಮೇಲೆ ಹೋಗುತ್ತಿತ್ತು. ಹೊರಗೇ ಬೀಳುತ್ತದೆ ಅಂದುಕೊಳ್ಳುವಷ್ಟರಲ್ಲಿ ಯಾರೋ ದಾರ ಕಟ್ಟಿ ಕೆಳಗೆ ಎಳೆದಂತೆ ಬಾಕ್ಸ್‌ನೊಳಗೆ ಬಿದ್ದು, ಎದುರಾಳಿಯ ಭುಜದವರೆಗೆ ಪುಟಿಯುತ್ತಿತ್ತು. ‘ಅದು ಕಿಕ್ ಸರ್ವ್’ ಎಂದರು ಅಣ್ಣ. ನನಗೆ ಮಾಯಾಜಾಲದಂತೆ ಕಂಡಿತ್ತು.

ಮುಂದೆ ಭಾನುವಾರ ಬಂತೆಂದರೆ ಭಾಲ್ಕಿಯಿಂದ ಬೀದರ್‌ಗೆ ಹೊರಡುವುದೇ ರೂಢಿಯಾಯಿತು. ಅಲ್ಲಿನ ಒಂದು ಸಿಮೆಂಟ್ ಕೋರ್ಟ್‌ನಲ್ಲಿ ಅಣ್ಣ ಕಲಿಸಿದರು. ಮರುವರ್ಷ ಅವರಿಗೆ ಡಬಲ್ಸ್ ಜೊತೆಗಾರ ಸಿಗದೆ ನನ್ನನ್ನೇ ಕರೆದುಕೊಂಡು ಹೋದರು. ವಲಯ ಮಟ್ಟದ ಅಂತರ ಕಾಲೇಜು ಟೂರ್ನಿ. ಅವರದ್ದು ಕೊನೆಯ ವರ್ಷ, ಅಂದರೆ ಕೊನೆಯ ಅವಕಾಶ.

ಮೊದಲ ಸೆಟ್ ಸೋತಿದ್ದೆವು. ಎರಡನೆಯದರಲ್ಲಿ 4-5. ಸರ್ವ್ ನನ್ನದು, 30-40. ಟೆನಿಸ್‌ನಲ್ಲಿ ಪ್ರತಿ ಪಾಯಿಂಟ್‌ಗೂ ಎರಡು ಸರ್ವ್ ಇರುತ್ತವೆ. ಮೊದಲನೆಯದು ತಪ್ಪಿದರೆ ಎರಡನೆಯದು. ಅದೂ ತಪ್ಪಿದರೆ ಡಬಲ್ ಫಾಲ್ಟ್, ಪಾಯಿಂಟ್ ಎದುರಾಳಿಗೆ. ಮೊದಲನೆಯದನ್ನು ಜೋರಾಗಿ ಹೊಡೆದೆ. ನೆಟ್‌ಗೆ ಬಿತ್ತು. ಎರಡನೆಯದಕ್ಕೆ ಕೈ ನಡುಗಿತು. ‘ಒಳಗೆ ಬಿದ್ದರೆ ಸಾಕು ದೇವರೇ’ ಎಂದು ಮೆಲ್ಲಗೆ ತಳ್ಳಿದೆ. ಅದೂ ನೆಟ್‌ಗೆ. ಪಂದ್ಯ ಮುಗಿಯಿತು.

ಅಣ್ಣ ಬೈಯಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಶೇಂಗಾ ಕೊಡಿಸಿದರು. ಬೀದರ್ ಹತ್ತಿರ ಬಂದಾಗ ಮಾತ್ರ ಒಂದು ಮಾತು ಹೇಳಿದರು: ‘ಫಸ್ಟ್ ಸರ್ವ್ ನೆಟ್‌ಗೆ ಬಿದ್ದದ್ದಕ್ಕ ಏನೂ ಇಲ್ಲೋ. ಎರಡನೇದು ಯಾಕ ಹೆದ್ರಿ ಹೊಡದಿ?’ ಬೈದಿದ್ದರೆ ಮರೆತುಬಿಡುತ್ತಿದ್ದೆ. ಈ ಪ್ರಶ್ನೆ ಮಾತ್ರ ಹಾಸ್ಟೆಲ್‌ವರೆಗೂ ಬಂತು.

ನಿದ್ದೆ ಬಾರದ ಆ ರಾತ್ರಿ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಬೇಸ್‌ಲೈನ್‌ನಿಂದ ನೆಟ್‌ಗೆ 11.885 ಮೀಟರ್. ನೆಟ್‌ನಿಂದ ಸರ್ವಿಸ್ ಲೈನ್‌ಗೆ 6.40 ಮೀಟರ್. ನಡುವೆ ನೆಟ್‌ನ ಎತ್ತರ 0.914 ಮೀಟರ್. ಹೈಸ್ಕೂಲ್‌ನ ಸಮರೂಪ ತ್ರಿಭುಜಗಳ ಲೆಕ್ಕ ಸಾಕು. ಚೆಂಡು ಸರಳ ರೇಖೆಯಲ್ಲಿ ಹೋಗಿ ನೆಟ್‌ಗೆ ತಾಗದೆ ಬಾಕ್ಸ್‌ನೊಳಗೆ ಬೀಳಬೇಕೆಂದರೆ ಅದನ್ನು ಕನಿಷ್ಠ 2.61 ಮೀಟರ್ ಎತ್ತರದಲ್ಲಿ ಹೊಡೆಯಬೇಕು. ಐದಡಿ ಐದಿಂಚಿನ ನಾನು ಕೈ ಚಾಚಿ ರಾಕೆಟ್ ಎತ್ತಿದರೆ ಸುಮಾರು ಎರಡೂವರೆ ಮೀಟರ್! ಅಂದರೆ ನನ್ನಂಥವನು ಸಪಾಟಾಗಿ ಹೊಡೆಯುವ ಸರ್ವ್‌ಗೆ ಭೂಮಿಯ ಗುರುತ್ವವೊಂದೇ ಆಸರೆ. ಜೋರಾಗಿ ಹೊಡೆದಷ್ಟೂ ಚೆಂಡನ್ನು ಕೆಳಗೆ ಎಳೆಯಲು ಗುರುತ್ವಕ್ಕೆ ಸಮಯ ಸಾಲದು. ಮೆಲ್ಲಗೆ ಹೊಡೆದರೆ ಎದುರಾಳಿ ಮುಂದೆ ಬಂದು ಬಾರಿಸುತ್ತಾನೆ. ಹಾಗಾದರೆ ಜೋರೂ ಇರಬೇಕು, ಚೆಂಡು ಕೆಳಗೂ ಇಳಿಯಬೇಕು. ಅದಕ್ಕೆ ಇರುವುದು ಒಂದೇ ದಾರಿ, ಸ್ಪಿನ್.

ಈ ಸಂಗತಿ ಹೊಸದೇನಲ್ಲ. ಓರೆಯಾಗಿ ಹಿಡಿದ ರಾಕೆಟ್‌ನಿಂದ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗುವುದನ್ನು ಐಸಾಕ್ ನ್ಯೂಟನ್ 1672ರಲ್ಲೇ ಬೆಳಕಿನ ಕುರಿತ ಒಂದು ಪತ್ರದಲ್ಲಿ ಪ್ರಸ್ತಾಪಿಸಿದ್ದರು. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದುವ ‘ಮ್ಯಾಗ್ನಸ್ ಪರಿಣಾಮ’ ಇದೇ. ಚೆಂಡು ಮುಂದಕ್ಕೆ ಉರುಳುವ ಹಾಗೆ ತಿರುಗುತ್ತಾ ಹೋದಾಗ ಅದರ ಮೇಲ್ಭಾಗ ಎದುರು ಬರುವ ಗಾಳಿಗೆ ವಿರುದ್ಧವಾಗಿ ಚಲಿಸುತ್ತದೆ, ಕೆಳಭಾಗ ಗಾಳಿಯ ಜೊತೆಗೆ. ಹಾಗಾಗಿ ಚೆಂಡಿನ ಹಿಂದೆ ಗಾಳಿ ಮೇಲಕ್ಕೆ ತಿರುಗಿ ಹೋಗುತ್ತದೆ. ಗಾಳಿಯನ್ನು ಮೇಲೆ ತಳ್ಳಿದ ಚೆಂಡು ತಾನು ಕೆಳಗೆ ಇಳಿಯುತ್ತದೆ. ಚೆಂಡಿನ ಮೇಲಿನ ಜುಂಗು ಗಾಳಿಯನ್ನು ಹಿಡಿಯಲು ನೆರವಾಗುತ್ತದೆ. ಕ್ರಿಕೆಟ್ ಆಡಿ ಬೋಳಾದ ಚೆಂಡಿನಲ್ಲಿ ನನಗೆ ಸ್ಪಿನ್ ಸರಿಯಾಗಿ ಸಿಗದಿದ್ದಕ್ಕೆ ಅದೂ ಒಂದು ಕಾರಣ.

ಲೆಕ್ಕ ಗೊತ್ತಾಯಿತು. ಕೈಗೆ ಗೊತ್ತಾಗಬೇಕಲ್ಲ?

ಮೊದಲು ಹಿಡಿತ ಬದಲಿಸಿದೆ. ನಾನು ರೊಟ್ಟಿ ಬಡಿಯುವವರ ಅಂಗೈ ಹಾಗೆ ರಾಕೆಟ್‌ನ ಮುಖ ಮುಂದೆ ಮಾಡಿ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ಚೆಂಡನ್ನು ಬಡಿಯಬಹುದು, ಸವರಲು ಆಗದು. ಸುತ್ತಿಗೆ ಹಿಡಿದಂತೆ ಹಿಡಿಯಬೇಕು. ಅದನ್ನೇ ಕಾಂಟಿನೆಂಟಲ್ ಗ್ರಿಪ್ ಅನ್ನುವುದು. ಮೊದಲ ವಾರ ಚೆಂಡೆಲ್ಲ ಪಕ್ಕಕ್ಕೇ ಹೋಯಿತು.

ಎರಡನೆಯದು ದಿಕ್ಕು. ಚೆಂಡಿನ ಹಿಂಬದಿಯಲ್ಲಿ ಗಡಿಯಾರವೊಂದಿದೆ ಎಂದುಕೊಳ್ಳಿ. ಬಲಗೈ ಆಟಗಾರನ ರಾಕೆಟ್ 7ರಿಂದ 1ರ ಕಡೆಗೆ ಮೇಲ್ಮುಖವಾಗಿ ಸವರಿದರೆ ಅದು ಕಿಕ್. ಚೆಂಡನ್ನು ತಲೆಯ ಮೇಲೆ, ತುಸು ಎಡಕ್ಕೆ ಎಸೆದುಕೊಳ್ಳಬೇಕು. ಅದೇ ಚೆಂಡನ್ನು ತುಸು ಬಲಕ್ಕೆ ಎಸೆದು, 3ರ ಬದಿಯನ್ನು ಸವರಿದರೆ ಸ್ಲೈಸ್. ಆಗ ಚೆಂಡು ಎಡಕ್ಕೆ ಬಾಗುತ್ತಾ ಹೋಗಿ ತಗ್ಗಿನಲ್ಲೇ ಜಾರುತ್ತದೆ. ನನಗೆ ಅರಗಿಸಿಕೊಳ್ಳಲು ಕಷ್ಟವಾದದ್ದು ಕಿಕ್‌ನ ನಿಯಮ: ಚೆಂಡು ಕೆಳಗೆ ಬೀಳಬೇಕಾದರೆ ಮೇಲಕ್ಕೆ ಹೊಡೆಯಬೇಕು!

ಇನ್ನೊಂದು ತಪ್ಪು ಕಲ್ಪನೆ ಇತ್ತು. ಚೆಂಡು ತಾಗಿದ ಮೇಲೆ ಮಣಿಕಟ್ಟು ತಿರುಚಿದರೆ ಸ್ಪಿನ್ ಬರುತ್ತದೆ ಎಂದುಕೊಂಡಿದ್ದೆ. ಚೆಂಡು ತಂತಿಗಳ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಇನ್ನೂರನೇ ಒಂದು ಭಾಗ. ಅಷ್ಟರಲ್ಲಿ ಯಾರಿಗೂ ಏನೂ ತಿರುಚಲಾಗದು. ತಾಗುವ ಮೊದಲೇ ರಾಕೆಟ್ ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಬರುತ್ತಿತ್ತೋ ಅದೇ ಸ್ಪಿನ್.

ಇಷ್ಟೆಲ್ಲ ತಿಳಿದುಕೊಂಡು ಸೆಮಿಸ್ಟರ್ ರಜೆಗೆ ಔರಾದ್‌ಗೆ ಹೋದೆ. ಅಲ್ಲಿ ಕೋರ್ಟ್ ಎಲ್ಲಿದೆ? ಶಾಲೆಯೊಂದರ ಗೋಡೆಯ ಮೇಲೆ ಇದ್ದಿಲಿನಿಂದ ಮೂರಡಿಗೊಂದು ಗೆರೆ, ಐದೂವರೆ ಅಡಿಗೊಂದು ಗೆರೆ ಎಳೆದೆ. 39 ಅಡಿ ದೂರದಲ್ಲಿ ನಿಂತು, ಮೇಲಿನ ಗೆರೆ ಗುರಿಯಿಟ್ಟು ಹೊಡೆಯುವುದು. ಆದರೂ ಚೆಂಡು ಸತ್ತ ಹಾವಿನಂತೆ ಹೋಗುತ್ತಿತ್ತು.

ಒಂದು ಸಂಜೆ ಹೊಲದಿಂದ ಬರುತ್ತಿದ್ದ ಅಪ್ಪ ನಿಂತು ನೋಡಿದರು. ಟೆನಿಸ್ ಅಂದರೇನೆಂದು ಅವರಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ನಂತರ ಕೇಳಿದರು:

‘ಯಾಕೋ ತಮ್ಮಾ, ಒಂದು ಜೋರ್ ಹೊಡಿತಿ, ಇನ್ನೊಂದಕ್ಕ ಕೈ ಯಾಕ ಹಿಡಿತಿ?’

‘ಎರಡನೇದು ಒಳಗ ಬೀಳ್ಬೇಕಲ್ಲಪ್ಪಾ, ಅದಕ್ಕ ಮೆಲ್ಲಗ.’

‘ಅದು ತಿರುಗಬೇಕಂತಿ, ಮತ್ತ ಮೆಲ್ಲಗ ಅಂತಿ. ಬಗರಿ ಆಡಸೋವಾಗ ಹಗ್ಗ ಮೆಲ್ಲಗ ಎಳದ್ರ ಏನಾಗ್ತದ? ಮಲಗ್ತದ. ಜೋರ್ ಎಳದ್ರನೇ ನಿಂತಲ್ಲಿ ತಿರುಗ್ತದ.’

ಅಷ್ಟೇ ಹೇಳಿ ಮನೆಗೆ ಹೋದರು. ನಾನು ಅಲ್ಲೇ ನಿಂತೆ. ನೋಟ್‌ಬುಕ್‌ನ ಲೆಕ್ಕದಲ್ಲಿ ಇಲ್ಲದ್ದು ಅದೇ. ಎರಡನೇ ಸರ್ವ್ ಎಂದರೆ ಮೊದಲನೆಯದರ ನಿಧಾನದ ನಕಲು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಕೈಯ ವೇಗ ಮೊದಲಿನಷ್ಟೇ ಇರಬೇಕು, ಅದರ ದಿಕ್ಕು ಬದಲಾಗಬೇಕು. ಮೊದಲನೆಯದರಲ್ಲಿ ವೇಗವೆಲ್ಲ ಚೆಂಡನ್ನು ಮುಂದಕ್ಕೆ ಕಳಿಸಲು ಖರ್ಚಾಗುತ್ತದೆ. ಎರಡನೆಯದರಲ್ಲಿ ಅದರ ದೊಡ್ಡ ಪಾಲು ಚೆಂಡನ್ನು ತಿರುಗಿಸಲು ಹೋಗುತ್ತದೆ. ಆ ತಿರುಗುವಿಕೆಯೇ ನೆಟ್‌ನ ಮೇಲೆ ಎರಡು ಮೂರು ಅಡಿ ಜಾಗ ಕೊಟ್ಟು, ಆಮೇಲೆ ಚೆಂಡನ್ನು ಒಳಗೆ ಇಳಿಸುತ್ತದೆ. ಹೆದರಿ ಕೈ ಹಿಡಿದ ಕ್ಷಣವೇ ಸ್ಪಿನ್ ಹೋಯಿತು, ಅದರ ಜೊತೆ ಸುರಕ್ಷತೆಯೂ ಹೋಯಿತು.

ಅದೇ ವರ್ಷ ಗಣಿತದಲ್ಲೂ ನನ್ನದು ಇದೇ ಕಥೆ. ಮೊದಲ ಸಲ ಫೇಲಾಗಿದ್ದೆ. ಎರಡನೇ ಸಲ ‘ಪಾಸಾದರೆ ಸಾಕು’ ಎಂದು ಐದು ಮಾಡ್ಯೂಲ್‌ಗಳಲ್ಲಿ ಎರಡನ್ನಷ್ಟೇ ಓದಿಕೊಂಡು ಹೋದೆ. ಮತ್ತೆ ಫೇಲ್. ಸುರಕ್ಷಿತವಾಗಿ ಇರುತ್ತೇನೆಂದು ಅರ್ಧ ಕೈಯಲ್ಲಿ ಹೊಡೆದದ್ದು ಎರಡೂ ಕಡೆ ನೆಟ್‌ಗೇ ಬಿದ್ದಿತ್ತು. ಮೂರನೇ ಸಲ ಐದೂ ಓದಿದೆ. ಪಾಸಾದೆ. ಮನೆಯಲ್ಲಿ ಬಗರಿಯ ವಿಷಯ ಹೇಳಿದರೆ ಅಪ್ಪ ನಕ್ಕರು.

ಸರ್ವ್ ಮಾತ್ರ ಒಂದು ದಿನಕ್ಕೆ ಬರಲಿಲ್ಲ. ಉತ್ಸಾಹದಲ್ಲಿ ದಿನಕ್ಕೆ ನೂರು ಹೊಡೆದು ಸೊಂಟ ಹಿಡಿದುಕೊಂಡು ಮಲಗಿದ್ದೂ ಆಯಿತು. ಕಿಕ್ ಸರ್ವ್‌ಗೆ ಬೆನ್ನು ಬಾಗಿಸುವುದರಿಂದ ಸೊಂಟ, ಭುಜಗಳ ಮೇಲೆ ಭಾರ ಬೀಳುತ್ತದೆ. ಹೊಸದಾಗಿ ಕಲಿಯುವವರು ದಿನಕ್ಕೆ ಇಪ್ಪತ್ತು ಮೂವತ್ತರಿಂದ ಶುರು ಮಾಡುವುದು ಒಳ್ಳೆಯದು. ಕೊಡಗಿನಲ್ಲಿ ಬೆಳೆದ ನಮ್ಮ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರ ವಯಸ್ಸು 43. ವಿಶ್ವದ ಒಂದನೇ ನಂಬರ್ ಆದದ್ದೂ ಆಗಲೇ. ಅವರ ಸರ್ವ್‌ನ ವಿಡಿಯೊ ನಿಧಾನ ಮಾಡಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 43ಕ್ಕೆ ಅವರು ಗೆದ್ದಿರುವಾಗ 20ರಲ್ಲಿ ನನಗೇನು ಅವಸರ ಎಂದು ಸಮಾಧಾನ ಮಾಡಿಕೊಂಡೆ.

ಈ ವರ್ಷ ಮತ್ತೆ ಅದೇ ಟೂರ್ನಿ. ಜೊತೆಗಾರ ಈಗ ಜೂನಿಯರ್ ಹುಡುಗ. ಸೆಮಿಫೈನಲ್‌ನಲ್ಲಿ 5-5, 30-40, ಮೊದಲ ಸರ್ವ್ ನೆಟ್‌ಗೆ. ಅದೇ ಜಾಗಕ್ಕೆ ಬಂದು ನಿಂತ ಹಾಗಾಯಿತು. ಚೆಂಡು ಮೇಲೆಸೆದು ಪೂರ್ತಿ ಕೈಯಿಂದ ಸವರಿದೆ. ಅದು ಎತ್ತರಕ್ಕೆ ಹೋಗಿ, ಇಳಿದು, ಎದುರಾಳಿಯ ಭುಜದವರೆಗೆ ಎದ್ದಿತು. ಅವನ ಬ್ಯಾಕ್‌ಹ್ಯಾಂಡ್ ಹೊರಗೆ ಹೋಯಿತು.

ಆ ಪಂದ್ಯ ಕೊನೆಗೆ ಸೋತೆವು. ಇಡೀ ಪಂದ್ಯದಲ್ಲಿ ನನ್ನವು ಎರಡು ಡಬಲ್ ಫಾಲ್ಟ್. ಎರಡೂ ಗೆರೆ ದಾಟಿ ಹೊರಗೆ ಬಿದ್ದವು, ಒಂದೂ ನೆಟ್‌ಗೆ ಬೀಳಲಿಲ್ಲ.

ಈಗ ಪುಣೆಯಲ್ಲಿ ಕೆಲಸದಲ್ಲಿರುವ ಅಣ್ಣನಿಗೆ ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಸ್ಕೋರ್ ಕೇಳಲೇ ಇಲ್ಲ.

‘ಎರಡನೇದಕ್ಕ ಕೈ ಹಿಡದಿಯೇನೋ?’

‘ಇಲ್ಲಣ್ಣಾ.’

‘ಹಂಗಾದ್ರ ಆಯ್ತು ಬಿಡು’ ಎಂದರು.