ಮೂರನೆಯ ಬಾಯಿ

ಲೋಕ ಮುಳುಗಿತು ಎಂದು ಹೇಳಲು ಈ ಸಿನಿಮಾಕ್ಕೆ ಎರಡು ಗೆರೆ ಸಾಕಾಗಿವೆ. ಒಂದು ತೈಲ ಉತ್ಪಾದನೆಯದು, ಇನ್ನೊಂದು ಜನಸಂಖ್ಯೆಯದು. ಎರಡೂ ಜೊತೆಜೊತೆಗೆ ಏರುತ್ತವೆ. ತೈಲದ ಗೆರೆ ಬೀಳುತ್ತದೆ, ಅದರ ಹಿಂದೆಯೇ ಜನರ ಗೆರೆಯೂ ಕುಸಿಯುತ್ತದೆ. ಉರಿಯುವ ನಗರವಿಲ್ಲ, ಮುರಿದ ಸೇತುವೆಯಿಲ್ಲ, ಟಿವಿಯಲ್ಲಿ ಕೊನೆಯ ವಾರ್ತೆ ಓದುವವಳಿಲ್ಲ. ಮುಂದೆ ಇರುವುದೆಲ್ಲ ಒಂದು ಕಾಡು, ಒಂದು ಗುಡಿಸಲು, ಒಂದು ತರಕಾರಿ ಮಡಿ, ಒಬ್ಬ ಮನುಷ್ಯ.

ಚಿತ್ರದ ಹೆಸರು ‘ದಿ ಸರ್ವೈವಲಿಸ್ಟ್’. 2015ರದು. ಉತ್ತರ ಐರ್ಲೆಂಡಿನ ಸ್ಟೀಫನ್ ಫಿಂಗಲ್ಟನ್ ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರ. ಚೊಚ್ಚಲ ಕೃತಿಗಳಿಗೆ ಕೊಡುವ ಬಾಫ್ಟಾ ಪ್ರಶಸ್ತಿಯ ಕೊನೆಯ ಪಟ್ಟಿಯವರೆಗೂ ಹೋಗಿತ್ತು. ಕಡಿಮೆ ದುಡ್ಡಿನಲ್ಲಿ, ಅಲ್ಲಿನ ಕಾಡಿನಲ್ಲೇ ತೆಗೆದದ್ದು. ಆ ನಾಡಿನಲ್ಲಿ ಕಾಡಿರುವುದು ನೂರಕ್ಕೆ ಒಂಬತ್ತು ಪಾಲಿನ ಆಸುಪಾಸು, ಯುರೋಪಿನಲ್ಲೇ ತೀರ ಕಡಿಮೆ ಕಾಡಿರುವ ಜಾಗಗಳಲ್ಲೊಂದು. ಕ್ಯಾಮೆರಾ ಸ್ವಲ್ಪ ಆಚೆ ಸರಿದಿದ್ದರೆ ಕುರಿ ಮೇಯುವ ಹುಲ್ಲುಗಾವಲು ಕಾಣುತ್ತಿತ್ತೇನೋ.

ಆ ಎರಡು ಗೆರೆಗಳನ್ನು ನೋಡಿದವರಲ್ಲಿ ಕೆಲವರು ಭಲೇ ಎಂದರು, ಕೆಲವರು ಇದೇನು ಪಾಠವೋ ಎಂದು ಮೂಗು ಮುರಿದರು. ನನಗೆ ನೆನಪಾದದ್ದು ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪ. 1944ರಲ್ಲಿ ಅಮೆರಿಕದ ಕರಾವಳಿ ಪಡೆ ಅಲ್ಲಿ 29 ಹಿಮಸಾರಂಗಗಳನ್ನು ಬಿಟ್ಟಿತು. ತೋಳವಿಲ್ಲ, ಕರಡಿಯ ಕಾಟವಿಲ್ಲ, ನೆಲದ ತುಂಬ ದಪ್ಪ ಕಲ್ಲುಹೂವಿನ ಹಾಸು. 1957ರಲ್ಲಿ ಡೇವಿಡ್ ಕ್ಲೈನ್ ಎಂಬ ಜೀವವಿಜ್ಞಾನಿ ಹೋಗಿ ಎಣಿಸಿದಾಗ 1,350. 1963ರಲ್ಲಿ 6,000. ಅದರ ಮರು ಚಳಿಗಾಲ ಕಠಿಣವಾಗಿ ಬಂತು. 1966ರಲ್ಲಿ ಅವನು ಮತ್ತೆ ಹೋದಾಗ ನೆಲದ ಮೇಲೆ ಮೂಳೆಗಳಿದ್ದವು, ಬದುಕಿದ್ದವು 42. ಅದರಲ್ಲಿ ಗಂಡು ಒಂದೇ, ಮರಿ ಒಂದೂ ಇರಲಿಲ್ಲ. ಹಿಮಸಾರಂಗದ ಜಾಗದಲ್ಲಿ ಮನುಷ್ಯರನ್ನೂ ಕಲ್ಲುಹೂವಿನ ಜಾಗದಲ್ಲಿ ಪೆಟ್ರೋಲನ್ನೂ ಇಟ್ಟರೆ ಫಿಂಗಲ್ಟನ್ನರ ಗೆರೆ ಬರುತ್ತದೆ. ಅದು ನಿಜವಾಗುತ್ತದೆಯೇ ಎಂಬುದು ಬೇರೆ ಚರ್ಚೆ. ಆದರೆ ಆ ಆಕಾರ ಕಲ್ಪನೆಯದಲ್ಲ.

ಈ ಚಿತ್ರದ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು, ಏನೂ ಆಗುವುದಿಲ್ಲ ಎಂಬುದು. ನನ್ನ ಜೊತೆ ಕೂತು ನೋಡುತ್ತಿದ್ದ ಅಕ್ಕನ ಮಗ ಹತ್ತು ನಿಮಿಷಕ್ಕೇ ಕೇಳಿದ: “ಮಾವ, ಕಥೆ ಶುರುವಾಗಿದೆಯಾ ಇನ್ನೂ ಇಲ್ವಾ?” ಮೊದಲ ಕಾಲು ಗಂಟೆ ಮಾತೇ ಇಲ್ಲ, ನಿಜ. ಹಿನ್ನೆಲೆ ಸಂಗೀತವಂತೂ ಇಡೀ ಚಿತ್ರದಲ್ಲಿಲ್ಲ. ಆದರೆ ಏನೂ ಆಗುವುದಿಲ್ಲವೇ? ಮಾರ್ಟಿನ್ ಮೆಕ್ಯಾನ್ ಮಾಡಿರುವ ಆ ಹೆಸರಿಲ್ಲದ ಮನುಷ್ಯ ಹೆಣವೊಂದನ್ನು ಎಳೆದು ಹೂಳುತ್ತಾನೆ. ಮಡಿಯಲ್ಲಿ ಬಗ್ಗಿ ಕೆಲಸ ಮಾಡುತ್ತಾನೆ, ಬೇಯಿಸುತ್ತಾನೆ, ಎಲ್ಲ ಮಾಡುತ್ತಲೇ ಕಾಡಿನಂಚಿನ ಕಡೆಗೊಂದು ಕಿವಿ ಇಟ್ಟಿರುತ್ತಾನೆ. ಹಕ್ಕಿಯೊಂದರ ಗೂಡಿನೆದುರು ಕೂತು ಅಭ್ಯಾಸವಿರುವವರಿಗೆ ಇದು ಗೊತ್ತು: ಮೊದಲ ಅರ್ಧ ಗಂಟೆ ನಾವು ನೋಡುವುದು ಆ ಪ್ರಾಣಿಯ ದಿನಚರಿಯನ್ನು, ಆಮೇಲಷ್ಟೇ ಅದು ತಪ್ಪಿದ್ದು ತಿಳಿಯುತ್ತದೆ. ಕೋವಿ ಯಾವಾಗಲೂ ಅವನ ಕೈಗೆಟಕುವಲ್ಲೇ ಇರುತ್ತದೆ ಎಂಬುದನ್ನು ಮೊದಲ ಕಾಲು ಗಂಟೆಯಲ್ಲಿ ಗಮನಿಸಿದವನಿಗೆ, ಮುಂದೆ ಅದು ಒಂದು ಮಾರು ದೂರ ಉಳಿದಾಗ ಎದೆ ಝಲ್ಲೆನ್ನುತ್ತದೆ. ಗಮನಿಸದವನಿಗೆ ಆ ದೃಶ್ಯದಲ್ಲೂ ಏನೂ ಆಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಚೆನ್ನಾಗಿದೆ. ಎಲ್ಲಿ ನೋಡಿದರೂ ಹಸಿರು, ಮತ್ತೆ ಹಸಿವೇಕೆ? ನಮ್ಮ ಮಲೆನಾಡಿನವರು ಈ ಪ್ರಶ್ನೆಯನ್ನು ಇನ್ನಷ್ಟು ಜೋರಾಗಿ ಕೇಳಿಯಾರು. ಕೆಸು, ಕಳಲೆ, ಅಣಬೆ, ಹಲಸು ಎಂದು ಬೆರಳು ಮಡಿಸಲು ನಮ್ಮಲ್ಲಿ ಬಹಳ ಇದೆ. ಉತ್ತರದ ಕಾಡಿನಲ್ಲಿ ಆ ಪಟ್ಟಿ ಚಿಕ್ಕದು. ಸೊಂಟದೆತ್ತರ ಬೆಳೆಯುವ ಅಲ್ಲಿನ ಜರೀಗಿಡ ವಿಷ, ತಿಂದ ದನಗಳೇ ಕಾಯಿಲೆ ಬೀಳುತ್ತವೆ. ಓಕ್ ಮರದ ಕಾಯಿಯಲ್ಲಿ ಒಗರು ಎಷ್ಟೆಂದರೆ ನೀರಿನಲ್ಲಿ ಮತ್ತೆ ಮತ್ತೆ ನೆನೆಸಿ ತೆಗೆಯದೆ ಹೊಟ್ಟೆಗೆ ಹಿಡಿಸದು. ಮುಳ್ಳುಹಣ್ಣು ಬರುವುದು ಬೇಸಿಗೆ ಮುಗಿಯುವಾಗ. ಉಳಿದ ಹಸಿರೆಲ್ಲ ನಾರು. ಅದನ್ನು ಅರಗಿಸಲು ದನಕ್ಕಿರುವಂಥ ಹೊಟ್ಟೆ ನಮಗಿಲ್ಲ. ಆಲೂಗಡ್ಡೆಗೆ ಅಂಗಮಾರಿ ಬಿದ್ದು 1845ರಿಂದ 1852ರವರೆಗೆ ಇದೇ ಐರ್ಲೆಂಡ್ ದ್ವೀಪದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತದ್ದು ಮರಳುಗಾಡಿನಲ್ಲಲ್ಲ. ಸುತ್ತ ಕಣ್ಣು ಕೋರೈಸುವಷ್ಟು ಹಸಿರಿತ್ತು. ತುರಿಕೆ ಸೊಪ್ಪು ಬೇಯಿಸಿ ತಿಂದರು, ಕಡಲಪಾಚಿ ತಿಂದರು. ಬರಗಾಲವಿಲ್ಲದ ವರ್ಷಗಳಲ್ಲೂ ಅಲ್ಲಿನ ಬಡವರಿಗೆ ಜುಲೈ ಹಸಿವಿನ ತಿಂಗಳು: ಹಳೆಯ ಗಡ್ಡೆ ತೀರಿರುತ್ತಿತ್ತು, ಹೊಸದು ಇನ್ನೂ ನೆಲದೊಳಗೆ. ಕಣಜ ಬರಿದಾದ ಆಷಾಢದ ಕಥೆಗಳನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ನಾನು ಆ ಚಿತ್ರದಲ್ಲಿ ನೋಡಿದ್ದು ಮಡಿಯನ್ನು. ಲೆಕ್ಕ ಹೀಗಿದೆ. ಬರೀ ಆಲೂಗಡ್ಡೆ ತಿಂದು ಬದುಕುವ ಮನುಷ್ಯನಿಗೆ ದಿನಕ್ಕೆ ಸುಮಾರು ಮೂರು ಕಿಲೋ ಬೇಕು, ವರ್ಷಕ್ಕೆ ಒಂದು ಟನ್ನಿಗೂ ತುಸು ಹೆಚ್ಚು. ಕ್ಷಾಮಕ್ಕೆ ಮುಂಚೆ ಅಲ್ಲಿ ಎಕರೆಗೆ ಆರು ಟನ್ ಆಸುಪಾಸು ಬೆಳೆಯುತ್ತಿತ್ತು ಎಂದು ಹಿಡಿದರೆ ಗುಂಟೆಗೆ ನೂರೈವತ್ತು ಕಿಲೋ. ಅಂದರೆ ಒಬ್ಬನಿಗೆ ಏಳು ಗುಂಟೆ. ರೋಗವಿಲ್ಲ, ಇಲಿಯಿಲ್ಲ, ಕಳ್ಳರಿಲ್ಲ ಎಂದುಕೊಂಡರೆ ಮಾತ್ರ. ಪರದೆಯ ಮೇಲಿನ ಮಡಿ ನನ್ನ ಕಣ್ಣಳತೆಗೆ ಅದಕ್ಕಿಂತ ಚಿಕ್ಕದಾಗಿಯೇ ಕಂಡಿತು.

ಆ ಮಡಿಯ ಅಂಚಿಗೆ ಇಬ್ಬರು ಹೆಂಗಸರು ಬಂದು ನಿಲ್ಲುತ್ತಾರೆ. ಬಿಳಿಗೂದಲಿನ ಕ್ಯಾಥ್ರಿನ್, ಅವಳ ಹರೆಯದ ಮಗಳು ಮಿಲ್ಯಾ. ಓಲ್ವೆನ್ ಫ್ವೇರೇ ಮತ್ತು ಮಿಯಾ ಗಾತ್ ಮಾಡಿದ್ದಾರೆ. ಊಟಕ್ಕೆ ಬದಲಾಗಿ ತಾಯಿ ಬೀಜ ಕೊಡುತ್ತೇನೆನ್ನುತ್ತಾಳೆ, ಅವನು ಒಪ್ಪುವುದಿಲ್ಲ. ‘ಎಂಥ ಮೂರ್ಖ, ಬೀಜಕ್ಕಿಂತ ಬೆಲೆಯದ್ದು ಏನಿದೆ’ ಎಂದು ಕೆಲವರಿಗೆ ಅನ್ನಿಸಿದೆ. ಬೀಜ ಇಟ್ಟು ನೋಡಿದವರು ಹಾಗೆ ಹೇಳಲಾರರು. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೆ ಕೈಕೊಡುತ್ತದೆ. ಟೊಮೆಟೊ ನಾಲ್ಕೈದು ವರ್ಷ ತಾಳಬಹುದು, ಒಣಗಿಸಿ ಇಟ್ಟಿದ್ದರೆ. ಕಿಸೆಯಲ್ಲಿ ಮಳೆ ಬೆವರು ತಿಂದು ಬಂದ ಬೀಜ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಬಿತ್ತಿ ಕಾಯಬೇಕು, ಕಾಯಲು ಜಾಗ ಕೊಡಬೇಕು. ಏಳು ಗುಂಟೆಯೂ ಇಲ್ಲದವನಿಗೆ ಅದು ಜೂಜು.

ಆಮೇಲೆ ತಾಯಿ ಮಗಳನ್ನೇ ಮುಂದಿಡುತ್ತಾಳೆ. ಇಲ್ಲಿ ನೋಡುಗರು ಸರಿಯಾಗಿಯೇ ಒಡೆದುಹೋಗಿದ್ದಾರೆ. ಇದು ಹೆಣ್ಣನ್ನು ಸರಕಾಗಿ ತೋರಿಸಿದ ಗಂಡಸಿನ ಸಿನಿಮಾ ಎನ್ನುವವರಿದ್ದಾರೆ. ಆ ಮೂವರಲ್ಲಿ ನಿಜಕ್ಕೂ ತೀರ್ಮಾನ ಮಾಡುವವಳು ಮಿಲ್ಯಾ ಒಬ್ಬಳೇ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆಗೆ ವಾಲುತ್ತೇನೆ, ಪೂರ್ತಿಯಾಗಿ ಅಲ್ಲ. ಪ್ರಕೃತಿಯಲ್ಲಿ ಹೀಗೇ ಎಂದು ಭುಜ ಹಾರಿಸಿಬಿಡುವ ನಿಸರ್ಗಪ್ರಿಯರನ್ನು ಕಂಡರೆ ನನಗೆ ಆಗದು. ಹಸಿದ ಪ್ರಾಣಿಗಳೆಲ್ಲ ಒಂದೇ ರೀತಿ ನಡೆದುಕೊಳ್ಳುವುದಿಲ್ಲ, ಹಸಿದ ಮನುಷ್ಯರಂತೂ ಅಲ್ಲವೇ ಅಲ್ಲ. ಆದರೆ ಚಿತ್ರ ಒಂದನ್ನು ಮುಚ್ಚಿಡುವುದಿಲ್ಲ: ಒಬ್ಬನ ಮಡಿಗೆ ಮೂರು ಬಾಯಿ ಬಂದಾಗಿನಿಂದ ಮೂವರೂ ಎಣಿಸುತ್ತಿದ್ದಾರೆ. ಪ್ರೀತಿ ಮೂಡುವಾಗಲೂ ಎಣಿಕೆ ನಿಲ್ಲುವುದಿಲ್ಲ.

ಮೊದಲಲ್ಲಿ ಹೂತ ಹೆಣದ ಬಗ್ಗೆಯೂ ಒಂದು ಮಾತು. ಅದು ಸಂಸ್ಕಾರವೋ ಗೊಬ್ಬರವೋ ಎಂದು ತಲೆ ಕೆಡಿಸಿಕೊಂಡವರಿಗೆ: ಎಪ್ಪತ್ತು ಕಿಲೋದ ಮನುಷ್ಯನಲ್ಲಿ ಸಾರಜನಕ ಸುಮಾರು ಎರಡು ಕಿಲೋ. ನಾಲ್ಕು ಕಿಲೋ ಚಿಲ್ಲರೆ ಯೂರಿಯಾಕ್ಕೆ ಸಮ. ಅಕ್ಕನ ಮಗನಿಗೆ ಇದನ್ನು ಹೇಳಿದೆ, ಅವನು ತಟ್ಟೆಯಲ್ಲಿದ್ದ ಚಿಪ್ಸನ್ನು ಅತ್ತ ಸರಿಸಿದ.

ನನಗೂ ತಕರಾರುಗಳಿವೆ. ಈ ಕಾಡಿನಲ್ಲಿ ಪ್ರಾಣಿಗಳೆಲ್ಲಿ? ಮನುಷ್ಯರು ಕಡಿಮೆಯಾದರೆ ಕಾಡು ತುಂಬಬೇಕಲ್ಲ ಎಂದು ಮೊದಲು ಅನ್ನಿಸುತ್ತದೆ. ಚೆರ್ನೋಬಿಲ್ ಸುತ್ತಲಿನ ಬೆಲರೂಸ್ ಭಾಗದಲ್ಲಿ ತೋಳಗಳು ಆಸುಪಾಸಿನ ಬೇರೆ ರಕ್ಷಿತಾರಣ್ಯಗಳಿಗಿಂತ ಏಳು ಪಟ್ಟು ಹೆಚ್ಚಿವೆ ಎಂದು 2015ರ ಅಧ್ಯಯನವೊಂದು ಹೇಳಿತು. ಈ ಸಿನಿಮಾ ಬಂದ ವರ್ಷವೇ. ಆದರೆ ಅಲ್ಲಿಂದ ಜನ ಬಸ್ಸು ಹತ್ತಿ ಹೊರಟುಹೋದರು. ಹಸಿದು ಕಾಡಿಗೆ ನುಗ್ಗಲಿಲ್ಲ. ಸತ್ತವರು ಎಷ್ಟೇ ಇರಲಿ, ಸಾಯುವ ಮುಂಚೆ ಮೊಲ, ಜಿಂಕೆ, ಹಕ್ಕಿಗೂಡುಗಳನ್ನೆಲ್ಲ ಬರಿದು ಮಾಡಿಯೇ ಸಾಯುತ್ತಾರೆ. ಹಾಗೆ ಯೋಚಿಸಿದರೆ ಖಾಲಿ ಕಾಡು ಒಪ್ಪಬಹುದಾದದ್ದೇ. ಆದರೂ ಇಲಿ? ಗೊಂಡೆಹುಳು? ಮಡಿ ಮಾಡಿದವನ ನಿಜವಾದ ಶತ್ರುಗಳಿಗೆ ಇಲ್ಲಿ ಕಾಣುವಂಥ ಪಾತ್ರವಿಲ್ಲ. ಆ ನಾಡಿನ ತೇವದಲ್ಲಿ ಒಂದು ರಾತ್ರಿ ಗೊಂಡೆಹುಳು ಸಸಿಗಳ ಮೇಲೆ ಹರಿದರೆ ಬಂದೂಕಿನವರು ಬರುವ ಅಗತ್ಯವೇ ಇಲ್ಲ.

ಇನ್ನೊಂದು ತಕರಾರಿಗೆ ಕಡಿಮೆ ಬಜೆಟ್ಟೇ ಕಾರಣ ಎಂದು ನನ್ನ ಅನುಮಾನ. ನೂರನಾಲ್ಕು ನಿಮಿಷದ ಚಿತ್ರವೆಲ್ಲ ಹೆಚ್ಚೂಕಡಿಮೆ ಒಂದೇ ಋತುವಿನ ಹಸಿರಿನಲ್ಲಿ ಮುಗಿಯುತ್ತದೆ. ನಟರನ್ನೂ ತಂತ್ರಜ್ಞರನ್ನೂ ಡಿಸೆಂಬರಿಗೆ ಮತ್ತೆ ಕರೆಸಲು ದುಡ್ಡು ಬೇಕು. ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ ಲೆಕ್ಕ ಚುಕ್ತವಾದದ್ದು ಬೇಸಿಗೆಯಲ್ಲಲ್ಲ. ಉತ್ತರ ಐರ್ಲೆಂಡಿನ ಡಿಸೆಂಬರಿನಲ್ಲಿ ಹಗಲು ಏಳೂವರೆ ಗಂಟೆಗಿಂತಲೂ ಕಡಿಮೆ. ಆಗ ಆ ಗುಡಿಸಲಿನಲ್ಲಿ ಎಷ್ಟು ಗಡ್ಡೆ ಉಳಿದಿರುತ್ತದೆ, ಎಷ್ಟು ಸೌದೆ, ಮೂವರಲ್ಲಿ ಯಾರಿಗೆ ಎಷ್ಟು ಬಡಿಸುತ್ತಾರೆ ಎಂದು ನೋಡಬೇಕಿತ್ತು. ಅಕ್ಕನ ಮಗ ಅದಕ್ಕೆ ಒಪ್ಪಲಿಲ್ಲ. “ಇಷ್ಟಕ್ಕೇ ಸಾಕು ಮಾವ” ಎಂದ.