ಸುಂಕ ಇದ್ದರೂ ಹೊರಗಿನ ಕರಿಮೆಣಸು ಬರೋದು ಹೇಗೆ?

ಮಡಿಕೇರಿ: ಕರಿಮೆಣಸಿನ ದರ ಬಿದ್ದಾಗಲೆಲ್ಲ ಬೆಳೆಗಾರರ ಬಾಯಲ್ಲಿ ಬರೋದು ಒಂದೇ ಮಾತು, ‘ವಿಯೆಟ್ನಾಂ ಮಾಲು ಬಂತು’. ಹಾಗಾದ್ರೆ ಸುಂಕ ಇಲ್ವಾ?

ಇದೆ. ಆಸಿಯಾನ್ ದೇಶಗಳ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2010ರಲ್ಲಿ ಜಾರಿಯಾದರೂ ಮೆಣಸಿನ ಸುಂಕವನ್ನು ಪೂರ್ತಿ ತೆಗೆದಿಲ್ಲ. ಶೇ 70ರಿಂದ ಹಂತ ಹಂತವಾಗಿ ಶೇ 50ಕ್ಕೆ ಇಳಿಸಲಾಯಿತು. ಶ್ರೀಲಂಕಾದ ಲೆಕ್ಕವೇ ಬೇರೆ. ಅಲ್ಲಿಂದ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು. ಅದರ ಮೇಲಿನದಕ್ಕೆ ಸಾಫ್ಟಾ ಒಪ್ಪಂದದಡಿ ಶೇ 8 ಮಾತ್ರ. 50 ಎಲ್ಲಿ, 8 ಎಲ್ಲಿ! ವಿಯೆಟ್ನಾಂ ಮೆಣಸನ್ನೇ ಶ್ರೀಲಂಕಾದ್ದು ಅಂತ ಕಾಗದ ಮಾಡಿಸಿ ಇಲ್ಲಿಗೆ ಕಳಿಸ್ತಾರೆ ಅನ್ನೋದು ಬೆಳೆಗಾರ ಸಂಘಟನೆಗಳ ಹಳೇ ದೂರು.

ಅದಕ್ಕೇ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂ. ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಯಾವ ದೇಶದ ಮಾಲಾದರೂ ಅದಕ್ಕಿಂತ ಕಡಿಮೆ ಬೆಲೆಗೆ ತರುವಂತಿಲ್ಲ. ಆದರೆ ಸಂಸ್ಕರಿಸಿ ಮತ್ತೆ ರಫ್ತು ಮಾಡುವವರಿಗೆ ವಿನಾಯಿತಿ ಇದೆ. ಮೆಣಸಿನ ಎಣ್ಣೆ, ಸತ್ವ ತೆಗೆಯೋ ಕಾರ್ಖಾನೆಗಳಿಗೆ ಅಗ್ಗದ ಕಚ್ಚಾಮಾಲು ಬೇಕು, ಇಲ್ಲದಿದ್ರೆ ವಿದೇಶಿ ಆರ್ಡರ್ ಬೇರೆಯವರ ಪಾಲಾಗುತ್ತೆ. ಅವರ ವಾದ ತಳ್ಳಿಹಾಕುವಂಥದ್ದಲ್ಲ. ಆ ಮಾಲು ಪೂರ್ತಿ ಹೊರಗೆ ಹೋದರೆ ನಮ್ಮ ದರಕ್ಕೆ ಅಷ್ಟೇನೂ ಪೆಟ್ಟಿಲ್ಲ. ಒಳಗಿನ ಮಾರುಕಟ್ಟೆಗೆ ಸೋರಿದರೆ ಪೆಟ್ಟು ಬೀಳೋದು ತೋಟದವನಿಗೇ. ಹಾಗಾಗಿ ಸುಂಕ ಎಷ್ಟು ಅನ್ನೋದಕ್ಕಿಂತ ಬಂದರಿನಲ್ಲಿ ತಪಾಸಣೆ ಹೇಗಿದೆ ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ.

ಇನ್ನೊಂದು ವಿಷಯ. ಹೊರಗಿನ ಮೆಣಸಿನ ಬೆಲೆಯೇ 500 ರೂ. ದಾಟಿದರೆ ಈ ಕನಿಷ್ಠ ಬೆಲೆ ಯಾವ ಮಾಲನ್ನೂ ತಡೆಯಲ್ಲ. ಆಗ ಉಳಿಯೋದು ಸುಂಕವಷ್ಟೇ. ಶ್ರೀಲಂಕಾದ ಕಾಗದ ಇದ್ದರೆ ಅದೂ ಶೇ 8.